ಲೋಲಾ ಸೇಪಾದ ನಾಲಿಗೆಗಾರ್ತಿ

ಮಂಗಳೂರು
ಫೆಬ್ರವರಿ ಮೂವತ್ತು, ೨೧೮೯

ಪೂಜ್ಯ ಪದ್ಮಲತಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ನಳಿನಾಕ್ಷಿಯ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಲೋಕದ ಎಲ್ಲ ಅಂಗಡಿಗಳಲ್ಲೂ ತಿಂಗಳ ಅಡುಗೆಪಟ್ಟಿ ಒಂದೇ ದಿನ ಮುಗಿಯಲೆಂದು ಲೋಲಾ ಸೇಪಾದವರೇ ಹಾಗೆ ಮಾಡಿಸಿದ್ದು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿರುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿಮಗೆ ಲೋಲಾ ಸೇಪಾ ಎಂದರೆ ಹಂಪನಕಟ್ಟೆಯಲ್ಲಿ ಈಗಷ್ಟೇ ತೆರೆದ ಫಿಲಿಪ್ಪೀನ್ಸಿನ ಕೋಳಿ ಅಂಗಡಿ. ಲೋಲಾ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಇಲೊಯಿಲೊ ಎಂಬ ಊರಿನ ಒಂದು ಗಾಡಿಯಲ್ಲಿ ಹುರಿದ ಕೋಳಿ, ಅನ್ನ, ಸಿಹಿ ಸಾಸಿನ ಸ್ಪಗೆಟಿ ಮಾರುತ್ತ ಶುರುವಾಗಿ, ದುಡಿಯಲು ಹೋದ ತಮ್ಮವರ ಬೆನ್ನು ಹಿಡಿದು ದುಬೈ, ಹಾಂಗ್‌ಕಾಂಗ್, ರೋಮ್ ಸೇರಿತು. ಎಲ್ಲಿ ತಿಂದರೂ ಊರಿನದೇ ರುಚಿ ಎಂದು ಅವರು ಮಾತು ಕೊಟ್ಟರು. ಒಳ್ಳೆಯ ಮಾತೇ. ಪರದೇಶದ ಕೋಣೆಗಳಲ್ಲಿ ಎಷ್ಟು ಹೆಂಗಸರು ಆ ಒಂದು ತುತ್ತಿಗೆ ಕಣ್ಣೊರೆಸಿಕೊಂಡರೋ!

ಮುಂದಿನದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಆ ಅಡುಗೆಮನೆಯಲ್ಲಿ ಕೆಲಸಕ್ಕಿರುವ ನೀವು ಮುಂದಿನ ಸೋಮವಾರ ಸಾಸನ್ನು ಬೆರಳಲ್ಲಿ ನೆಕ್ಕಿ, "ಇದರ ವಿನೆಗರ್ ಬೇರೆ ಉಂಟು, ನಿನ್ನೆಯದ್ದಲ್ಲ" ಎನ್ನುತ್ತೀರಿ. ಯಂತ್ರ ಹಿಡಿಯದ್ದನ್ನು ನೀವು ಹಿಡಿಯುತ್ತೀರಿ. ಮನಿಲಾದಿಂದ ಬಂದ ದೊಡ್ಡವರು ನಿಮಗೂ ನಿಮ್ಮ ಸಂತತಿಯ ಹೆಣ್ಣುಮಕ್ಕಳಿಗೂ ಕಾಯಂ ಕೆಲಸವೆಂದು ಕಾಗದ ಕೊಡುತ್ತಾರೆ. ನೀವು ಹಿರಿಹಿರಿ ಹಿಗ್ಗಿ ಸಹಿ ಹಾಕುತ್ತೀರಿ. ಸುಮ್ಮನಿರಲಿಕ್ಕೆ ಆಗಲಿಲ್ಲವಾ ಅಜ್ಜಿ ನಿಮಗೆ?

ಈಗ ಲೋಲಾ ಸೇಪಾ ಇಲ್ಲದ ದೇಶವಿಲ್ಲ. ರುಚಿ ಎಲ್ಲೂ ಬದಲಾಗದಂತೆ ಕಾಯಲು ದೇಶಕ್ಕೊಬ್ಬ ನಾಲಿಗೆಗಾರ್ತಿ, ಇಲ್ಲಿ ನಾನು. ನನ್ನನ್ನೂ ಮಗಳನ್ನೂ ಇಟ್ಟಿರುವ, ಬಂದರಿನ ಹತ್ತಿರದ ನಾಲಿಗೆಮನೆಯೊಳಗೆ ಮೀನು ಹುರಿಯುವ ವಾಸನೆಯೂ ಬಾರದಂತೆ ಗಾಜು ಬಿಗಿದಿದ್ದಾರೆ. ದಿನಕ್ಕೆ ಅರುವತ್ತು ಬಟ್ಟಲು ಸಾಸು ರುಚಿ ನೋಡಿ ಉಗಿಯುತ್ತೇನೆ. ಊಟಕ್ಕೆ ಉಪ್ಪಿಲ್ಲದ ಗಂಜಿ, ಏಕೆಂದರೆ ಬೇರೆ ರುಚಿ ತಾಗಿದರೆ ನಾಲಿಗೆ ಕೆಡುತ್ತದಂತೆ. ನನಗೆ ಮೂವತ್ತೆಂಟು ವರ್ಷ. ಹಲಸಿನ ಹಣ್ಣಿನ ಬಣ್ಣ ಗೊತ್ತು, ರುಚಿ ಗೊತ್ತಿಲ್ಲ. ಮೇಲ್ವಿಚಾರಕಿ ಲಿವಾಯ್‌ವಾಯ್ ಕೆಟ್ಟವಳಲ್ಲ. ಫಿಲಿಪ್ಪೀನ್ಸಿನವಳಾದರೂ ತನ್ನ ಊರನ್ನು ಅವಳು ಕಂಡಿಲ್ಲ, ಈ ಸಾಸಿನ ರುಚಿಯೇ ಅವಳಿಗಿರುವ ಊರು.

ನಾಳೆ ನನ್ನ ಮಗಳು ವಾರಿಜಾಳಿಗೆ ಆರು ತುಂಬುತ್ತದೆ. ಅವಳ ನಾಲಿಗೆಗೆ ಒಂದು ಕಾಗದ ತಾಗಿಸುತ್ತಾರೆ. ಅದು ಬಿಳಿಯಾಗೇ ಉಳಿದರೆ ಕಲಿಯಲು ನನ್ನ ಪಕ್ಕದ ಕುರ್ಚಿ, ನನ್ನ ನಂತರ ನನ್ನದೇ ಕುರ್ಚಿ, ಜೀವ ಇರುವವರೆಗೆ. ಬೇರೆ ರುಚಿ ಕಂಡ ನಾಲಿಗೆಯಾದರೆ ಕಾಗದ ಕೆಂಪಾಗುತ್ತದೆ, ಮಗು ಹೊರಗೆ, ನನ್ನ ತಂಗಿಯ ಮನೆಗೆ.

ಅದಕ್ಕೇ ಇವತ್ತು, ಗುಡಿಸುವ ಸೆಲೀನಕ್ಕ ಸೆರಗಿನಲ್ಲಿ ಮುಚ್ಚಿ ತಂದ ಉಪ್ಪುಮಾವಿನಕಾಯಿಯ ಚೂರನ್ನು ಅವಳ ಬಾಯಿಗಿಟ್ಟೆ. ಮುಖ ಕಿವುಚಿದಳು. ಉಗಿದೇಬಿಡುತ್ತಾಳೆಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಆಮೇಲೆ ಕಣ್ಣರಳಿಸಿ, "ಅಮ್ಮಾ, ಇದೆಂತ? ಇನ್ನೊಂದು ಚೂರು ಕೊಡು!" ಎಂದಳು. ಇದ್ದದ್ದೆಲ್ಲ ಕೊಟ್ಟೆ.

ನಾನೂ ತಿಂದು ಹೊರಬೀಳಬಹುದಲ್ಲ ಎನ್ನುತ್ತೀರಿ. ಕುರ್ಚಿ ಖಾಲಿಯಾದರೆ ಮನೆತನದ ಅತಿ ಎಳೆಯ ಹೆಣ್ಣುಮಗುವನ್ನು ಒಯ್ಯಬಹುದೆಂದೂ ನೀವು ಸಹಿ ಹಾಕಿದ ಕಾಗದದಲ್ಲಿ ಉಂಟು. ನನ್ನ ತಂಗಿಗೆ ಎಂಟು ತಿಂಗಳ ಮಗಳಿದ್ದಾಳೆ.

ಕೈಮುಗಿಯುತ್ತೇನೆ, ಆ ಸೋಮವಾರ ಏನೂ ಗೊತ್ತಾಗದವಳ ಹಾಗೆ ಇದ್ದುಬಿಡಿ ಅಜ್ಜಿ. ಮಾವಿನಕಾಯಿಯ ಉಪ್ಪುನೀರು ನನ್ನ ಬೆರಳಿಗೆ ಅಂಟಿತ್ತು. ಬೆರಳು ತುಟಿಯವರೆಗೂ ಹೋಯಿತು. ಮೂರು ಸಲ ಸೋಪು ಹಾಕಿ ತೊಳೆದೆ.

ಇತಿ,
ನಳಿನಾಕ್ಷಿ