ಚರುಮುರಿಗೆ ಕೊಟ್ಟ ಮದ್ದು

ಫೆಬ್ರವರಿ 6, ಗುರುವಾರ. ಬೆಳಿಗ್ಗೆ 8.20

ನೈಟ್ ಡ್ಯೂಟಿ ಮುಗಿಸಿ ಬಂದರೆ ಹಾಲ್ ತುಂಬ ಹಿಕ್ಕೆ. ಮೊಲ ಬೇಕೆಂದು ಹಟ ಹಿಡಿದವಳು ಮಗಳು ಮೆಲಿಸ್ಸಾ, ತಂದುಕೊಟ್ಟವರು ಅವಳಪ್ಪ, ಗುಡಿಸುವವಳು ನಾನು. ಸ್ಯಾವಿಯೊ ಆಫೀಸಿಗೆ ಹೋಗುವಾಗ ಶೂಸಿನಿಂದ ಬದಿಗೆ ಸರಿಸಿ ಹೋಗಿದ್ದಾರೆ. ದೊಡ್ಡ ಉಪಕಾರ.

ಚರುಮುರಿ ಎಂದು ಅವಳು ಹೆಸರಿಟ್ಟ ಈ ಮೊಲ ಸೀನುತ್ತಿದೆ. ಮೂಗಿನಲ್ಲಿ ಬಿಳಿ ಸಿಂಬಳ. ವೆಟ್ ಹತ್ತಿರ ಕರೆದುಕೊಂಡು ಹೋಗಬೇಕೆಂದು ಮೆಲಿಸ್ಸಾಳ ಚೀಟಿ ಫ್ರಿಜ್ ಮೇಲೆ. ಸೀನಿಗೆಲ್ಲ ಡಾಕ್ಟರಾ? ಇಪ್ಪತ್ತು ವರ್ಷದಿಂದ ನರ್ಸ್ ಆಗಿ ನಾನು ಮಾಡಿದ್ದೇನು ಹಾಗಾದರೆ?

ಊರಿಂದ ತಂದ ಮದ್ದಿನ ಡಬ್ಬಿಯಲ್ಲಿ ಮಕ್ಕಳಿಗೆ ಕೊಡುವ ಆಂಟಿಬಯೋಟಿಕ್ ಸಿರಪ್, ಅಮಾಕ್ಸಿಸಿಲಿನ್ ಇತ್ತು. ಪುಡಿಗೆ ನೀರು ಬೆರೆಸಿ, ತೂಕಕ್ಕೆ ಸರಿಯಾಗಿ ಡೋಸ್ ಲೆಕ್ಕ ಹಾಕಿ, ಸಿರಿಂಜಿನಲ್ಲಿ ಬಾಯಿಗೆ ಬಿಟ್ಟೆ. ನೆಕ್ಕಿ ನೆಕ್ಕಿ ಕುಡಿಯಿತು.

ಫೆ. 8, ಶನಿವಾರ

ಸೀನು ನಿಂತಿದೆ. ಆದರೆ ನಿನ್ನೆ ಸಂಜೆಯಿಂದ ಒಂದು ಎಸಳು ಹುಲ್ಲು ಮುಟ್ಟಿಲ್ಲ. ಕೊತ್ತಂಬರಿ ಮೂಸಿಯೂ ನೋಡಲಿಲ್ಲ. ಮಧ್ಯಾಹ್ನದಿಂದ ಭೇದಿ.

ಪಂಜರ ತೊಳೆಯುವಾಗ ಮೂಲೆಯಲ್ಲಿ ಚಾಕಲೇಟ್ ಬಿಸ್ಕೆಟಿನ ಚೂರು ಸಿಕ್ಕಿತು. ಮೈಯೆಲ್ಲ ಉರಿಯಿತು. ಮೆಲಿಸ್ಸಾಳನ್ನು ಎದುರಿಗೆ ನಿಲ್ಲಿಸಿ ಕೇಳಿದೆ. ಒಂದೇ ತುಂಡು ಕೊಟ್ಟದ್ದು, ಅದೂ ಬುಧವಾರ, ಎಂದಳು.

"ಇದು ಸತ್ತರೆ ನೀನೇ ಕೊಂದದ್ದು."

ಹಾಗೆಂದೆ. ಹತ್ತು ವರ್ಷದ ಹುಡುಗಿಗೆ. ಸಾಕು ಬಿಡು ಎಂದ ಸ್ಯಾವಿಯೊಗೂ ಸೇರಿಸಿಯೇ ಕೊಟ್ಟೆ.

ಫೆ. 9, ಆದಿತ್ಯವಾರ. ಸಂಜೆ

ಡ್ಯೂಟಿಯಿಂದ ಬಂದು ಬಟ್ಟೆಯೂ ಬದಲಿಸದೆ ಮೊಲ ಎತ್ತಿಕೊಂಡು ವೆಟ್ ಕ್ಲಿನಿಕ್ಕಿಗೆ. ಯೂನಿಫಾರ್ಮ್, ಕತ್ತಿನಲ್ಲಿ ಐಡಿ ಕಾರ್ಡ್, ಪಕ್ಕದಲ್ಲಿ ಮೆಲಿಸ್ಸಾ. ಡಾಕ್ಟರ್ ರೀಮಾ — ನನಗಿಂತ ಹದಿನೈದು ವರ್ಷ ಚಿಕ್ಕವಳು. ಕಾರ್ಡ್ ನೋಡಿ ಸಿಸ್ಟರ್ ಎಂದು ಕರೆದಳು. ಚರುಮುರಿಯ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟಳು. ಕರುಳಿನ ಸದ್ದೇ ಇಲ್ಲವಂತೆ. ಮನೆಯಲ್ಲಿ ಏನಾದರೂ ಮದ್ದು ಕೊಟ್ಟಿದ್ದೀರಾ?

ಇಲ್ಲ ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂತು.

ಮನುಷ್ಯರ ಕೆಲವು ಆಂಟಿಬಯೋಟಿಕ್ ಮೊಲದ ಬಾಯಿಗೆ ಹಾಕಲೇಬಾರದಂತೆ. ಕರುಳಿನ ಒಳ್ಳೆಯ ಕ್ರಿಮಿಗಳೆಲ್ಲ ಸತ್ತು, ಉಳಿದವು ವಿಷ ಬಿಡುತ್ತವಂತೆ. ಹೆಸರು ಹೇಳುತ್ತಾ ಹೋದಳು. ಎರಡನೆಯದೇ ನಾನು ಕೊಟ್ಟದ್ದು. ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಇಲ್ಲ ಎಂದೆ. ಈ ಸಲ ಯೋಚಿಸಿಯೇ.

ಆಗ ಮೆಲಿಸ್ಸಾ ಅಳುತ್ತಾ ಬಿಸ್ಕೆಟ್ ವಿಷಯ ತಾನಾಗಿ ಹೇಳಿದಳು. ಬೇರೆ ಕಾರಣ ಕಾಣದೆ ಡಾಕ್ಟರ್ ಫೈಲಿನಲ್ಲಿ ಅದನ್ನೇ ಬರೆದಳು. ನೋಡುತ್ತಾ ನಿಂತಿದ್ದೆ.

ಮಗುವಿನ ಎದುರು ಕೇಳಬೇಕಿತ್ತಾ ಅವಳು? ಅಷ್ಟೂ ಬುದ್ಧಿ ಬೇಡವೇ?

ಮುಂಬೈಯಲ್ಲಿ ಓದಿದ ಸ್ಯಾವಿಯೊಗೂ, ಇಲ್ಲೇ ಈ ಪರದೇಶದಲ್ಲಿ ಹುಟ್ಟಿದ ಮೆಲಿಸ್ಸಾಳಿಗೂ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ಬರೆಯಬಹುದು. ಕೊಟ್ಟೆ. ಐದು ಸಲ ಕೊಟ್ಟೆ.

ಫೆ. 10, ಸೋಮವಾರ

ರಜೆ ಹಾಕಿದೆ. ಮೂರು ಗಂಟೆಗೊಮ್ಮೆ ಹುಲ್ಲಿನ ಪುಡಿ ಕಲಸಿ ಸಿರಿಂಜಿನಲ್ಲಿ ತಿನ್ನಿಸಬೇಕು. ಅರ್ಧ ಹೊರಗೇ ಬರುತ್ತದೆ. ಚರ್ಮದಡಿ ಸಲೈನ್ ನಾನೇ ಹಾಕುತ್ತೇನೆ. ಕಿವಿ ತಣ್ಣಗಾಗಿವೆ. ನೋವಿಗೆ ಹಲ್ಲು ಕಡಿಯುತ್ತದೆ. ಆ ಸದ್ದು ಅಡುಗೆಮನೆವರೆಗೂ ಕೇಳುತ್ತದೆ.

ಒಂದು ಮೊಲಕ್ಕೆ ಇಷ್ಟೆಲ್ಲ ಯಾಕೆ, ಬೇರೆ ತರೋಣ ಎಂದರು ಸ್ಯಾವಿಯೊ. ಕೈಯಲ್ಲಿದ್ದ ಚಮಚ ಎಸೆದೆ. ಗೋಡೆಗೆ ತಾಗಿತು.

ಮೆಲಿಸ್ಸಾ ಬಾಗಿಲ ಹತ್ತಿರವೇ ನಿಂತಿದ್ದಳು. ಬಂದು ಹಿಡಿದುಕೋ ಎಂದೆ.

"ನಾನು ಮುಟ್ಟುವುದಿಲ್ಲ ಮಮ್ಮಿ. ನನ್ನ ಕೈಯಿಂದಲೇ ಅಲ್ವಾ ಅದಕ್ಕೆ ಹೀಗಾದದ್ದು?"

ಸಿರಿಂಜ್ ತುಂಬಿಸುತ್ತಾ ಕೂತೆ. ಥೂ, ನನ್ನ ಜನ್ಮಕ್ಕೆ.

ಫೆ. 12, ಬುಧವಾರ

ಬೆಳಿಗ್ಗೆ ವಾರ್ಡಿನ ಡ್ರೆಸ್ಸಿಂಗ್ ರೂಮಿನಿಂದ ರೀಮಾಳ ಮೊಬೈಲಿಗೆ ಫೋನ್ ಮಾಡಿದೆ. ಮದ್ದಿನ ಹೆಸರು, ಎಷ್ಟು ಎಂಎಲ್, ಎಷ್ಟು ಹೊತ್ತಿಗೆ — ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಕೊಡುವ ಹಾಗೆ ಎಲ್ಲ ಹೇಳಿದೆ.

"ಸಿಸ್ಟರ್, ಅವತ್ತೇ ಹೇಳಿದ್ದರೆ ಬೇರೆ ಮದ್ದು ಶುರು ಮಾಡುತ್ತಿದ್ದೆ."

ಕರುಳಿನ ವಿಷ ಹೀರುವ ಪುಡಿಯಂತೆ. ಹೆಸರು ಹೇಳಿದಳು. ಕೊಲೆಸ್ಟರಾಲ್ ಇರುವವರಿಗೆ ನಾವು ಕೊಡುವುದೇ! ನಮ್ಮ ವಾರ್ಡಿನ ಕಪಾಟಿನಲ್ಲಿ ವರ್ಷಗಟ್ಟಲೆಯಿಂದ ಇದೆ.

ಬೈದಿದ್ದರೆ ತಿರುಗಿ ನಾಲ್ಕು ಮಾತು ಹೇಳಬಹುದಿತ್ತು. ಬೈಯಲಿಲ್ಲ. ಈಗಲೇ ಕರೆದುಕೊಂಡು ಬನ್ನಿ ಎಂದಳು ಅಷ್ಟೇ. ಅದಕ್ಕೂ ಸಿಟ್ಟು ಬಂತು. ಅರ್ಧ ದಿನ ರಜೆ ಹಾಕಿ ಓಡಿದೆ. ಅಲ್ಲೇ ಅಡ್ಮಿಟ್ ಮಾಡಿಕೊಂಡಿದ್ದಾಳೆ.

ಸ್ಯಾವಿಯೊಗೆ ಹೇಳಿದೆ. ಬಿಸ್ಕೆಟ್ ಎಂದೇ ಇರಲಿ, ಮಕ್ಕಳು ಬೇಗ ಮರೆಯುತ್ತಾರೆ ಎಂದರು. ಎಂಥ ಗಂಡಸು! ಅದಕ್ಕಿಂತ ಸಿಟ್ಟು ಬರಿಸಿದ್ದು — ಒಂದು ನಿಮಿಷ ನನಗೂ ಅದೇ ಸರಿ ಅನಿಸಿತು.

ಫೆ. 13, ಗುರುವಾರ. ಮಧ್ಯಾಹ್ನ 12.00

ರೀಮಾ ಫೋನ್ ಮಾಡಿದ್ದಳು. ಹತ್ತೂ ಮುಕ್ಕಾಲಿಗೆ ಹೋಯಿತಂತೆ. ಫೈಲಿನಲ್ಲಿ ಬಿಸ್ಕೆಟ್ ಎಂದು ಬರೆದದ್ದನ್ನು ತಿದ್ದಿದ್ದೇನೆ ಎಂದಳು.

ಸ್ಕೂಲ್ ಬಸ್ ಎರಡೂ ಕಾಲಿಗೆ.

3.30

ಹೇಳಿದೆ. ಬೆನ್ನಿನ ಬ್ಯಾಗ್ ಇಳಿಸಲೂ ಬಿಡದೆ ಎಲ್ಲ ಹೇಳಿದೆ. ಸತ್ತದ್ದು, ಸಿರಪ್, ಡಾಕ್ಟರಿಗೆ ಹೇಳಿದ ಸುಳ್ಳು. ಮೆಲಿಸ್ಸಾ ಅಳಲಿಲ್ಲ. ಅತ್ತಿದ್ದರೆ ಹಿಡಿದುಕೊಳ್ಳಬಹುದಿತ್ತು. ಸೋಫಾದ ತುದಿಯಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳಿದಳು.

"ಬಿಸ್ಕೆಟಿನಿಂದ ಅಲ್ಲ ಅಂತ ಯಾವಾಗ ಗೊತ್ತಾಯ್ತು, ಮಮ್ಮಿ?"

ಆದಿತ್ಯವಾರ ಎಂದೆ.

ಕೈಬೆರಳು ಮಡಚಿ ಎಣಿಸತೊಡಗಿದಳು. ಸೋಮ. ಮಂಗಳ...