ಅಕ್ಕನ ಕಚೇರಿಗೆ ಕೊಡದ ಕೀಲಿಕೈ

ಭಾನುವಾರ, ಮಧ್ಯಾಹ್ನ

ದೇಶದ ಭದ್ರತೆಯ ಭಾರವನ್ನೆಲ್ಲ ಹೊತ್ತ ಉಪನಿರ್ದೇಶಕಿಯೂ, ಈಗಲೂ ನನ್ನ ಕಿವಿ ಹಿಂಡುವ ಅಧಿಕಾರ ಉಳಿಸಿಕೊಂಡವಳೂ ಆದ ಅಕ್ಕನಿಗೆ, ಕಿರಿಯಳ ಸವಿನಯ ನಮಸ್ಕಾರಗಳು.

ನಿನ್ನ ಸಹಿ ಇರುವ ಆದೇಶ ಶುಕ್ರವಾರ ಸಂಜೆ ಬಂತು. ಗೌರವಾರ್ಥ ಎದ್ದು ನಿಂತೇ ಓದಿದೆ. ನಮ್ಮ ಸಂದೇಶದ ಆಪಿಗೆ, ಎಲ್ಲರ ಸಂದೇಶವನ್ನೂ ತೆರೆಯಬಲ್ಲ ಕೀಲಿಕೈ ಮಾಡಿ ಬುಧವಾರದೊಳಗೆ ನಿಮ್ಮ ಕಚೇರಿಗೆ ಒಪ್ಪಿಸಬೇಕು, ತಪ್ಪಿದರೆ ಆಪ್ ಬಂದ್. ಸರಿ. ಅದನ್ನು ಉಲ್ಲಂಘಿಸುವ ಮೊದಲು ಒಂದೆರಡು ಮಾತು ತಮ್ಮ ಅವಗಾಹನೆಗೆ.

ನಮ್ಮ ಹತ್ತಿರ ಕೀಲಿಕೈ ಇಲ್ಲ. ಎಷ್ಟು ಸಲ ಹೇಳಿದರೂ ನಿಮ್ಮವರು ನಾನದನ್ನು ಕಿಸೆಯಲ್ಲಿ ಬಚ್ಚಿಟ್ಟುಕೊಂಡಿರುವಂತೆ ನೋಡುತ್ತಾರೆ. ಬರೆದವರ ಫೋನು, ಓದುವವರ ಫೋನು, ಇವೆರಡು ಬಿಟ್ಟರೆ ಸಂದೇಶ ಎಲ್ಲೂ ತೆರೆದುಕೊಳ್ಳುವುದಿಲ್ಲ. ನಡುವೆ ಕೂತ ನಮಗೂ ಅದು ಬರೀ ಕಲಸುಮೇಲೋಗರ. ನೀನು ಕೇಳುತ್ತಿರುವುದು ಇರುವುದನ್ನು ಕೊಡು ಅಂತಲ್ಲ, ಇಲ್ಲದ್ದನ್ನು ಹುಟ್ಟಿಸು ಅಂತ.

ಅದನ್ನು ಬಳಸುವವರು ಯಾರೆಂದು ನಿನಗೆ ಗೊತ್ತು. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಆಶ್ರಯಧಾಮ ಸೇರಿದ ಹೆಂಗಸರು. ಎಲ್ಲಿದ್ದೇವೆ ಎಂದು ತಾಯಿಗೂ ವಕೀಲರಿಗೂ ಮಾತ್ರ ತಿಳಿಸುತ್ತಾರೆ. ಕೆಲವರ ಗಂಡಂದಿರು ದೊಡ್ಡ ಕಚೇರಿಗಳಲ್ಲಿದ್ದಾರೆ, ಬೀಗ ತೆಗೆಸಿಕೊಳ್ಳುವಷ್ಟು ಪರಿಚಯ ಇರುವವರು. ಯಾವ ಕಚೇರಿ ಎಂದು ಹೇಳಲಾರೆ. ಹೇಳಿದರೆ ನಾನೇ ಕೀಲಿಕೈ ಕೊಟ್ಟಂತಾಯಿತು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು, ಬಾಂಬ್ ಇಡೋರೂ ಇಂಥವೇ ಆಪ್ ಬಳಸ್ತಾರೆ ಕಣೇ, ಸತ್ತವರ ಫೋಟೋ ಬಂದು ಬೀಳೋದು ನನ್ನ ಮೇಜಿನ ಮೇಲೆ, ನಿನ್ನದರ ಮೇಲಲ್ಲ ಅಂದೆ. ಅದನ್ನು ನಾನು ತಮಾಷೆ ಮಾಡಲಾರೆ. ಆಮೇಲೆ, ಕೀಲಿಕೈ ನಮ್ಮಲ್ಲಿ ಭದ್ರವಾಗಿರುತ್ತೆ, ನನ್ನನ್ನು ನಂಬು ಅಂದೆ. ನಿನ್ನನ್ನು ನಂಬುತ್ತೇನೆ ಅಕ್ಕ. ನಿನ್ನ ಕಚೇರಿಯ ವಿಷಯಕ್ಕೆ ಬರೋಣ.

'ಅತಿ ಗೋಪ್ಯ' ಎಂದು ಕೆಂಪಕ್ಷರದಲ್ಲಿ ಮೆರೆಯುತ್ತಿದ್ದ ಆ ಆದೇಶವನ್ನು ನಿನ್ನ ಗುಮಾಸ್ತರು ಎಲ್ಲ ಆಪುಗಳ ಮಾಲೀಕರಿಗೂ ಒಂದೇ ಇಮೇಲಿನಲ್ಲಿ ಕಳಿಸಿದರು, ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ. ಒಬ್ಬರು 'ಗಮನಿಸಿದೆ ಮೇಡಂ' ಎಂದು ಎಲ್ಲರಿಗೂ ಉತ್ತರಿಸಿದರು. ಇನ್ನೊಬ್ಬರು, ಆಪ್ ಮುಚ್ಚಿ ಯಾವ ಕಾಲವಾಯ್ತು, ಈಗ ಚಪ್ಪಲಿ ಅಂಗಡಿ ಇಟ್ಟಿದೀನಿ, ದಯವಿಟ್ಟು ನನ್ನನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡರು. ಮೂರನೆಯವರು ಮಹಾ ವಿಧೇಯರು. ತಮ್ಮ ಆಪಿನ ಕೀಲಿಕೈಯನ್ನೇ ಲಗತ್ತಿಸಿ, ತಲುಪಿದ ಬಗ್ಗೆ ತಿಳಿಸಿ ಎಂದು ಎಲ್ಲರಿಗೂ ಕಳಿಸಿಬಿಟ್ಟರು. ಚಪ್ಪಲಿ ಅಂಗಡಿಯವರಿಗೂ ಸೇರಿಸಿ.

ಹೀಗೆ ರಾಷ್ಟ್ರದ ಭದ್ರತೆ, ನಾನು ಬಿಸ್ಕತ್ತು ತಿನ್ನುತ್ತಿದ್ದಾಗ, ನನ್ನ ಮಡಿಲಿಗೆ ಬಂದು ಬಿತ್ತು. ನಮ್ಮ ಸರ್ವರ್ ನೋಡಿಕೊಳ್ಳುವ ಜೊತೆಗಾರ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನೋಡ್ತಾ ಕೂತ್ರೆ ತೆರೆಯೋಣ ಅನ್ಸುತ್ತೆ, ಮೊದಲು ಅಳಿಸು ಅಂದ. ನನ್ನ ಗುಣ ನಿನಗೆ ಗೊತ್ತು, ಮುಚ್ಚಿದ ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಆದರೂ ಅಳಿಸಿದೆ.

ಈ ಉತ್ತರವನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ, ಅಮ್ಮನ ಕೈಯಲ್ಲಿ ಕಳಿಸುತ್ತಿರುವುದಕ್ಕೆ ಕಾರಣ ಬೇರೆ ಹೇಳಬೇಕಿಲ್ಲವಷ್ಟೆ.

ಕೀಲಿಕೈ ಕೊಡುವುದಿಲ್ಲ. ಬುಧವಾರ ಬೀಗಮುದ್ರೆ ಹಿಡಿದು ಬನ್ನಿ. ಬೇರೆಯವರನ್ನು ಕಳಿಸಬೇಡ, ನೀನೇ ಬಾ. ಅಷ್ಟರೊಳಗೆ ಆ ಹೆಂಗಸರಿಗೆಲ್ಲ ತಿಳಿಸಿರುತ್ತೇನೆ. ನಮ್ಮ ಬಾಗಿಲು ಮುಚ್ಚಿದರೆ ಅವರು ಬೇರೆ ದಾರಿ ಹುಡುಕಿಕೊಂಡಾರು. ಹಿಂಬಾಗಿಲು ತೆರೆದಿರುವ ಮನೆಯೊಳಗೆ ಅವರನ್ನು ಕೂರಿಸುವುದು ನನ್ನಿಂದಾಗದು. ಜೈಲಾದರೆ ಜೈಲು. ಅಮ್ಮನಿಗೂ ಹೇಳಿದ್ದೇನೆ. ಇಬ್ಬರೂ ಹುಟ್ಟಾ ಮೊಂಡರು, ಒಬ್ಬಳು ಹಿಡಿಯೋಳು ಒಬ್ಬಳು ಸಿಗೋಳು, ಊಟದ ಡಬ್ಬಿ ಹೊತ್ತು ಓಡಾಡೋಳು ಮಾತ್ರ ನಾನು ಅಂದಳು.

ಇಂತಿ,
ನಿನ್ನ ಆದೇಶಕ್ಕೆ ಅವಿಧೇಯಳೂ ನಿನಗೆ ಎಂದೆಂದಿಗೂ ವಿಧೇಯಳೂ ಆದ
ಕೋತಿ

ತಾ.ಕ.: ಆ ಮಹಾ ವಿಧೇಯರಿಗೆ ಶುಕ್ರವಾರ ಸಂಜೆಯೇ ಫೋನ್ ಮಾಡಿದೆ, ಎತ್ತಿದ್ದು ಮರುದಿನ ಬೆಳಗ್ಗೆ. ಕೀಲಿ ಬದಲಾಯಿಸಿದರು. ಅವರದು ಮನೋವೈದ್ಯರೂ ರೋಗಿಗಳೂ ಮಾತಾಡಿಕೊಳ್ಳುವ ಆಪ್. ಪ್ರತಿ ಶನಿವಾರ ನಿನ್ನನ್ನು ಯಾವ ಡಾಕ್ಟರ ಬಾಗಿಲಲ್ಲಿ ಇಳಿಸಿ ಬರುತ್ತೇನೋ, ಅವರು ಬಳಸುವುದೂ ಅದನ್ನೇ. ಅಮ್ಮನಿಗೂ ನನಗೂ ಹೇಳದ ನಿನ್ನ ಮಾತುಗಳು ಅಲ್ಲಿವೆ. ನಾನು ನೋಡಲಿಲ್ಲ ಅಕ್ಕ. ಆ ಇಮೇಲ್ ತಲುಪಿದ ಉಳಿದವರ ವಿಷಯ ನನಗೆ ಗೊತ್ತಿಲ್ಲ.