ಮೊಳೆ ಹೊಡೆಯದ ಗೋಡೆ

ಸುಳ್ಯ
೧೩ ಮೇ ೨೦೨೪, ಸೋಮವಾರ

ಪ್ರೀತಿಯ ಅತ್ತೇ,

ಹೇಗಿದ್ದೀರಿ? ಹಾಸನದ ಆ ಮಹಡಿ ಮೆಟ್ಟಿಲು ಹತ್ತಿ ಇಳಿದು ಮೊಣಕಾಲಿನ ನೋವು ಜಾಸ್ತಿಯಾಗಿಲ್ಲ ತಾನೆ? ಎಣ್ಣೆಯ ಶೀಶೆಯನ್ನು ಚೀಲದ ಬದಿಯ ಕಿಸೆಯಲ್ಲಿ ಇಟ್ಟಿದ್ದೆ, ನೀವು ಅದನ್ನು ನೋಡಿರಲಿಕ್ಕಿಲ್ಲ. ವಿನುತಾ ಆಪರೇಷನ್ ಆದ ಮೇಲೆ ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದಾಳೆ, ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯುತ್ತಾಳೆ ಎಂದು ಅವಳ ಗಂಡ ಹೇಳಿದರು. ಕೇಳಿ ಸಮಾಧಾನವಾಯಿತು. ಮಗಳ ಆರೈಕೆ ಮಾಡುವ ಭರದಲ್ಲಿ ನೀವು ಊಟ ತಪ್ಪಿಸಬೇಡಿ. ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ಈ ಮಾತನ್ನು ಮೊದಲೇ ಬರೆಯುತ್ತಿದ್ದೇನೆ, ಮುಂದೆ ಓದುವಾಗ ನೀವು ಹೆದರಬಾರದು ಎಂದು.

ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತೀರಿ. ನಗಿ. ಕಳೆದ ವಾರ ನಿಮ್ಮ ಮೊಮ್ಮಗಳು ಯಶಸ್ವಿಗೆ ಜ್ವರ ಎಂದು ನಾನು ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗಿದಾಗ ನೀವು "ಒಳ್ಳೆದಾಯ್ತು ಮಗಳೇ" ಅಂದಿರಿ. ನಿಮಗೆ ಕೇಳಿಸಬೇಕಾದರೆ ವಿನುತಾ ಪಕ್ಕದಲ್ಲಿ ಕೂತು ಅದನ್ನೇ ಮತ್ತೊಮ್ಮೆ ಕೂಗಬೇಕು. ಈಗ ಹೇಳಬೇಕಾದದ್ದು ಹೊಲಿಗೆ ಹಸಿಯಿರುವ ಅವಳ ಕಿವಿಗೆ ಬೀಳುವಂಥದ್ದಲ್ಲ. ಆದ್ದರಿಂದ ಕನ್ನಡಕ ಹಾಕಿಕೊಂಡು ಹಿತ್ತಲ ಕಡೆ ಹೋಗಿ ನೀವೊಬ್ಬರೇ ಓದಿ.

ಮೊದಲು ನಿಮಗೆ ಸಿಟ್ಟು ಬರುವ ಸುದ್ದಿ. ಯಶಸ್ವಿ ಮಲಗುವ ಕೋಣೆಯ ಗೋಡೆಗೆ ನಾನು ಕಾಗದದ ಹೂವು ಅಂಟಿಸಿದ್ದೇನೆ. ಒಂದೆರಡಲ್ಲ, ಕಿಟಕಿಯ ಮೂಲೆಯಿಂದ ನೆಲದವರೆಗೆ ಇಳಿಯುವ ಇಡೀ ಬಳ್ಳಿ. ನೀವು ಇದ್ದಿದ್ದರೆ "ಊರವರು ಕಸ ಹೊರಗೆ ಹಾಕುದು, ನೀನು ಒಳಗೆ ತರುದು" ಅಂತ ಶುರು ಮಾಡುತ್ತಿದ್ದಿರಿ. ಆದರೆ ಅತ್ತೇ, ಈ ಹುಚ್ಚು ನನಗೆ ಹಿಡಿದದ್ದು ನಿಮ್ಮಿಂದಲೇ. ಈ ಹೊಸ ಮನೆಯ ಒಕ್ಕಲಿನ ದಿನ ನೀವು ನೆಂಟರ ಎದುರಿಗೇ ಹೇಳಿದಿರಲ್ಲ, "ಈ ಗೋಡೆಗೆ ಮೊಳೆ ಹೊಡೆದವರಿಗೆ ನನ್ನ ಕೈಯ ಊಟ ಇಲ್ಲ" ಎಂದು. ಅಂದಿನಿಂದ ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತಿದೆ, ಗಡಿಯಾರ ಫ್ರಿಜ್ಜಿನ ಮೇಲೆ ಕೂತಿದೆ, ಪಾಪ ಮಾವನ ಫೋಟೋ ಕೂಡ ಕಪಾಟಿನ ಮೇಲೆ ಗೋಡೆಗೆ ಒರಗಿಕೊಂಡು ಬಾಗಿ ನಿಂತಿದೆ. ಮನೆ ಚಂದ ಕಾಣಬೇಕು, ಮೊಳೆ ಹೊಡೆಯಬಾರದು ಎಂದರೆ ಕಾಗದ ಮತ್ತು ಮೈದಾ ಅಂಟು ಬಿಟ್ಟು ಬೇರೆ ಏನಿದೆ? ಹಳೆಯ ಮದುವೆ ಕರೆಯೋಲೆಗಳಿಂದ ನಾನು ಮಾಡಿದ ಗೂಡುದೀಪವನ್ನು ಬಂದವರಿಗೆಲ್ಲ ತೋರಿಸಿ "ನಮ್ಮ ಸೊಸೆ ಮಾಡಿದ್ದು" ಎಂದು ನೀವು ಹೇಳುವುದನ್ನು ನಾನು ಅಡುಗೆಮನೆಯಿಂದ ಕೇಳಿದ್ದೇನೆ. ನನ್ನೆದುರು ಮಾತ್ರ ಅದು ಕಸ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಹಾಸನಕ್ಕೆ ಹೊರಡುವ ದಿನ ಕೆಳಗಿನ ಮನೆಯ ಸರ್ವೋತ್ತಮ ಮಾವ ಬಂದು, ಮಗನ ಮದುವೆಯ ಚಪ್ಪರಕ್ಕೆ ಅಂಗಳ ಸಾಲುವುದಿಲ್ಲ, ನಮ್ಮ ಮನೆಯ ಕೆಳಗಿನ ಬರೆಯ ಇಳಿಜಾರಿನಿಂದ ಸ್ವಲ್ಪ ಮಣ್ಣು ತೆಗೆಯಲೇ ಎಂದು ಕೇಳಿದ್ದರು. ನೀವು ಬಸ್ಸಿಗೆ ತಡವಾಗುತ್ತದೆ ಎಂಬ ಗಡಿಬಿಡಿಯಲ್ಲಿ "ತೆಗಿ ಮಾರಾಯ, ನೀನು ನನ್ನ ತಮ್ಮ ಅಲ್ವಾ, ಮಣ್ಣು ಕೇಳ್ಲಿಕ್ಕೆ ಉಂಟಾ" ಎಂದಿರಿ. ಸರಿಯೇ. ನಮ್ಮಲ್ಲಿ ಕೆಳಗಿನ ಮನೆಯವರು ಮಣ್ಣು ಕೇಳಿದರೆ ಇಲ್ಲ ಎನ್ನುವ ಕ್ರಮ ಇಲ್ಲ. ಆದರೆ ನೀವು ಅತ್ತ ಹೋದಿರಿ, ಇತ್ತ ಮಣ್ಣು ಅಗೆಯುವ ಹಿಟಾಚಿ ಯಂತ್ರ ಬಂತು. ಗುದ್ದಲಿಯಲ್ಲಿ ತೆಗೆಯುವ ಸ್ವಲ್ಪವೇ ಬೇರೆ, ಹಿಟಾಚಿ ತೆಗೆಯುವ ಸ್ವಲ್ಪವೇ ಬೇರೆ. ಅಂಗಳ ದೊಡ್ಡದಾಗುತ್ತಾ ಬಂದ ಹಾಗೆ ಅವರ ಆಸೆಯೂ ದೊಡ್ಡದಾಯಿತು, ಕಾರು ನಿಲ್ಲಿಸಲು ಜಾಗ ಬೇಕು, ಊಟದ ಬಫೆಗೆ ಜಾಗ ಬೇಕು ಎಂದು. ಈಗ ನಾವು ಬಟ್ಟೆ ಒಣಗಿಸುತ್ತಿದ್ದ ಕಂಬದ ಬುಡದಲ್ಲಿ ನಿಂತು ಕೆಳಗೆ ನೋಡಿದರೆ ನೇರ ಅವರ ಅಂಗಳ. ನಡುವೆ ಇಳಿಜಾರು ಎಂಬುದೇ ಇಲ್ಲ, ಕೆಂಪು ಮಣ್ಣನ್ನು ಗೋಡೆಯ ಹಾಗೆ ಕಡಿದು ನಿಲ್ಲಿಸಿದ್ದಾರೆ. ನಮ್ಮ ಅಡಿಪಾಯ ಅದರ ನೆತ್ತಿಯ ಮೇಲೆ ಉಂಟು.

ಯಶಸ್ವಿಯ ಕೋಣೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಾಗ ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾದದ್ದು ಮನೆಯದ್ದಲ್ಲ, ನಿಮ್ಮ ಬೈಗುಳದ್ದು. ಬಂದವರೇ ನನ್ನನ್ನು ಹಿಡಿದು ಝಾಡಿಸುತ್ತೀರಿ ಎಂದುಕೊಂಡೆ. ಅದಕ್ಕೇ ಪುತ್ತೂರಿನಿಂದ ತಂದ ಬಣ್ಣದ ಕಾಗದ ತೆಗೆದು, ಬಿರುಕು ಹೋದ ದಾರಿಯಲ್ಲೇ ಬಳ್ಳಿ ಹಬ್ಬಿಸಿದೆ. ಬಣ್ಣ ಆರಿಸಿದ್ದು ನಿಮ್ಮ ಮೊಮ್ಮಗಳು. ದಾಸವಾಳ ನೇರಳೆ ಬಣ್ಣದ್ದು, ಅದು ಅವಳ ಹಟ. ಚಂದ ಬಂದಿತ್ತು ಅತ್ತೇ, ನೋಡಿದ್ದರೆ ನೀವೂ ಒಂದು ಗಳಿಗೆ ಬೈಯಲು ಮರೆಯುತ್ತಿದ್ದಿರಿ. ಮಾರನೆಯ ದಿನ ನೋಡುತ್ತೇನೆ, ಬಿರುಕಿನ ಮೇಲೆ ಕೂತಿದ್ದ ದೊಡ್ಡ ದಾಸವಾಳ ನಡುವಿನಿಂದ ಸೀಳಿದೆ. ಯಶಸ್ವಿ ಎಳೆದಿರಬೇಕೆಂದು ಬೆನ್ನಿಗೆ ಒಂದು ಹೊಡೆದೆ. "ನಾನು ಮುಟ್ಲೇ ಇಲ್ಲ ಅಮ್ಮಾ" ಎಂದು ಮಗು ಅತ್ತು ಅತ್ತು ಬಿಕ್ಕಳಿಸಿತು. ಅದನ್ನು ಕಿತ್ತು ಇನ್ನೊಂದು ಅಂಟಿಸಿದೆ. ಅದೂ ಸೀಳಿತು. ಹೂವಿನ ಎರಡು ಹೋಳೂ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡೇ ಇವೆ, ಅಂಚು ಎದ್ದಿಲ್ಲ, ಎಸಳು ಮುದುಡಿಲ್ಲ, ನಡುವೆ ಮಾತ್ರ ಹರಿದಿದೆ. ಇಷ್ಟು ವರ್ಷ ಕಾಗದ ಅಂಟಿಸಿದವಳಿಗೆ ಅಷ್ಟು ತಿಳಿಯುತ್ತದೆ. ಕೈಯಲ್ಲಿ ಎಳೆದರೆ ಕಾಗದ ಕಿತ್ತು ಬರುತ್ತದೆ. ಹೀಗೆ ಹರಿಯಬೇಕಾದರೆ ಅದು ಅಂಟಿಕೊಂಡ ಗೋಡೆಯೇ ಎರಡು ಕಡೆಗೆ ಸರಿಯಬೇಕು. ನಾನು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಆಮೇಲೆ ಹೋಗಿ ಮಗುವನ್ನು ಅಪ್ಪಿಕೊಂಡೆ, ಅವಳು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.

ನಿಮ್ಮ ಮಗನಿಗೆ ಹೇಳಿದೆ. ಮೇಷ್ಟ್ರಿಗೆ ಶಾಲೆ ರಜೆಯಲ್ಲವೇ, ಇಡೀ ದಿನ ಮನೆಯಲ್ಲೇ ಇದ್ದಾರೆ. ಆದರೂ "ಹೊಸ ಗಾರೆ ಬಿಸಿಲಿಗೆ ಬಿರಿಯುದು ಇದ್ದದ್ದೇ ಮಾರಾಯ್ತಿ, ನಿನ್ನ ಅಂಟು ಸರಿ ಇಲ್ಲ" ಅಂದರು. ಮಗುವನ್ನು ಆ ಕೋಣೆಯಿಂದ ನಮ್ಮ ಮನೆಯ ರಸ್ತೆ ಬದಿಯ ಚಾವಡಿಗೆ ಕರೆತಂದು ನನ್ನ ಪಕ್ಕ ಮಲಗಿಸಲು ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಎದುರುಮನೆಯ ಕೂಸಪ್ಪಣ್ಣನ ಬಾಡಿಗೆ ಕೋಣೆ ಖಾಲಿ ಇದೆ, ಮಳೆ ಹಿಡಿಯುವ ಮೊದಲು ಅಲ್ಲಿಗೆ ಹೋಗುವ ಎಂದರೆ, "ಊರವರು ಎಂತ ಹೇಳಿಯಾರು, ಅಮ್ಮ ಇಲ್ಲದಾಗ ಮನೆ ಬಿಟ್ಟು ಹೋಗುದಾ" ಎನ್ನುತ್ತಾರೆ. ಹಿಟಾಚಿಯನ್ನಾದರೂ ನಿಲ್ಲಿಸಿ ಎಂದರೆ, "ಸೋದರಮಾವನ ಎದುರು ನಿಂತು ಮದುವೆ ಕೆಲಸ ನಿಲ್ಲಿಸಿ ಅಂತ ಹೇಳುದು ಹೇಗೆ? ಅಮ್ಮ ಮಾತು ಕೊಟ್ಟಾಗಿದೆ" ಎನ್ನುತ್ತಾರೆ. ನನಗೆ ತಡೆಯಲಿಲ್ಲ, ನಾನೇ ಇಳಿದು ಹೋದೆ. ಸರ್ವೋತ್ತಮ ಮಾವ ಕೆಲಸದವರಿಗೆ ಚಹಾ ಕೊಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಎಂತ ಮಗಳೇ, ಕಾಗದದ ಹೂವು ಹರಿದದ್ದಕ್ಕೆ ಹಿಟಾಚಿ ನಿಲ್ಲಿಸ್ಲಿಕ್ಕೆ ಆಗ್ತದಾ? ಅಕ್ಕ ಒಂದು ಮಾತು ಹೇಳ್ಲಿ, ಈಗಲೇ ನಿಲ್ಲಿಸ್ತೇನೆ" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಸಿಟ್ಟಿನಲ್ಲೇ ಮೇಲೆ ಹತ್ತಿ ಬಂದೆ. ಅಂದು ಸಂಜೆಯೇ ಅವರು ಯಶಸ್ವಿಗೆಂದು ಹಲಸಿನ ಹಣ್ಣು ಕಳಿಸಿದರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು, ಇವರ ಹತ್ತಿರ ಹೇಗೆ ಜಗಳವಾಡುವುದು?

ನಿನ್ನೆ ನಮ್ಮಿಬ್ಬರಿಗೆ ಜೋರು ಮಾತಾಯಿತು. ಕೊನೆಗೆ ನಿಮ್ಮ ಮಗ ಎದ್ದು, ಬಿಳಿ ಹಾಳೆಯ ಪಟ್ಟಿ ಕತ್ತರಿಸಿ, ಫೆವಿಕಾಲ್ ಬಳಿದು, ಬಿರುಕಿನ ಮೇಲೆ ಅಡ್ಡಲಾಗಿ ತಾವೇ ಅಂಟಿಸಿದರು. ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ದೊಡ್ಡದಾಗಿ ಸಹಿ ಹಾಕಿದರು, ಮೊನ್ನೆ ಎಲೆಕ್ಷನ್ ಡ್ಯೂಟಿಯಲ್ಲಿ ಮತಯಂತ್ರಕ್ಕೆ ಸೀಲ್ ಮಾಡಿದ ಹಾಗೆ. "ಇದು ಹರಿದ್ರೆ ನೀನು ಹೇಳಿದ ಹಾಗೆ ಕೇಳ್ತೇನೆ. ಹರಿಯದಿದ್ರೆ ಈ ಸುದ್ದಿ ಎತ್ತಬಾರದು" ಎಂದರು. ಅದೇ ಪಟ್ಟಿಯ ಎದುರು ಕೂತು ಈ ಕಾಗದ ಬರೆಯುತ್ತಿದ್ದೇನೆ. ಇಷ್ಟರವರೆಗೆ ಹರಿದಿಲ್ಲ. ಕೆಳಗೆ ಹಿಟಾಚಿ ಗುರುಗುಟ್ಟುವಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಮೋಡ ಏರುತ್ತಿದೆ. ಹರಿಯಲಿ ಎಂದು ಬೇಡಬೇಕೋ ಹರಿಯದಿರಲಿ ಎಂದು ಬೇಡಬೇಕೋ ನನಗೆ ಗೊತ್ತಾಗುತ್ತಿಲ್ಲ.

ಅತ್ತೇ, ನಾನು ಕೇಳುವುದು ಇಷ್ಟೇ. ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ, ಮಣ್ಣು ಸಾಕು ಎಂದು. ನಿಮ್ಮ ಮಗನಿಗೆ ಇನ್ನೊಂದು ಮಾತು ಹೇಳಿ, ಹೆಂಡತಿ ಮಗುವನ್ನು ಕರೆದುಕೊಂಡು ಹೊರಗೆ ಬಾ ಎಂದು. ಇಬ್ಬರೂ ನಿಮ್ಮ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಕೇಳುವವರಲ್ಲ. ಇದನ್ನು ಓದುವಾಗ ನಿಮಗೆ ಎಂಥ ಸಂಕಟವಾಗುತ್ತದೆ ಎಂದು ನನಗೆ ಗೊತ್ತು. ಕಟ್ಟುವಾಗ ಬೆಳಿಗ್ಗೆ ಸಂಜೆ ಪೈಪು ಹಿಡಿದು ಆ ಗೋಡೆಗಳಿಗೆ ನೀರು ಹಾಕಿದವರು ನೀವು. ಮಾವ ಇದ್ದಿದ್ದರೆ ನೋಡುತ್ತಿದ್ದರು ಎಂದು ಒದ್ದೆ ಸೀರೆಯಲ್ಲೇ ಅತ್ತವರು ನೀವು. ನನ್ನಿಂದ ಹೀಗಾಯಿತು ಎಂದು ಮಾತ್ರ ಎಣಿಸಬೇಡಿ. ನೀವು ಕೊಟ್ಟದ್ದು ನಾಲ್ಕು ಬುಟ್ಟಿ ಮಣ್ಣಿನ ಮಾತು, ಅವರು ತೆಗೆದದ್ದು ಗುಡ್ಡ. ನನ್ನ ಮಾತು ನಂಬಿಕೆಯಾಗದಿದ್ದರೆ ಇದರೊಳಗೆ ಆ ನೇರಳೆ ದಾಸವಾಳದ ಎರಡು ಹೋಳು ಇಟ್ಟಿದ್ದೇನೆ, ಬೆಳಕಿಗೆ ಹಿಡಿದು ಅಂಚು ನೋಡಿ.

ವಿನುತಾಗೆ ನನ್ನ ನೆನಪು ಹೇಳಿ, ಭಾರ ಎತ್ತಬಾರದು ಎಂದು ಗದರಿಸಿ. ಅಜ್ಜಿ ಬರುವಾಗ ಹೊಳೆಯುವ ಕಾಗದ ತರಬೇಕಂತೆ, ಯಶಸ್ವಿಯ ಆರ್ಡರು. ನಿಮ್ಮ ಕಾಲಿಗೆ ಬಿದ್ದು ಆಶೀರ್ವಾದ ಕೇಳುತ್ತೇನೆ, ಜೊತೆಗೆ ಸ್ವಲ್ಪ ಬೈಗುಳವೂ ಇರಲಿ, ಅದಿಲ್ಲದೆ ಮನೆ ಬಣಗುಟ್ಟುತ್ತಿದೆ.

ನಿಮ್ಮ ಸೊಸೆ
ಮೋಕ್ಷಿತಾ

ತಾ.ಕ.: ಮಂಗಳವಾರ, ಗಡಿಬಿಡಿಯಲ್ಲಿ. ಅಂಟಿಸಿದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ, ಪಿಕಪ್ ಓಡಿಸುವ ಅಫ್ರೀದ್ ಬಾಡಿಗೆಗೆ ಹಾಸನಕ್ಕೆ ಹೊರಟಿದ್ದಾನೆ, ನಿಮ್ಮ ಕೈಗೇ ಕೊಡುತ್ತಾನೆ. ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಸಂಜೆ ಒಂದು ಮಳೆ ಬಂತು. ಇವತ್ತು ಬೆಳಿಗ್ಗೆ ನಿಮ್ಮ ಮಗ ತಾವೇ ಹೋಗಿ ನೋಡಿದರು, ನನ್ನನ್ನು ಕರೆಯಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಹೋದೆ. ಪಟ್ಟಿಯ ಮೇಲಿನ ಅವರ ಸಹಿಯಲ್ಲಿ "ಉ" ಈ ಕಡೆ ಇದೆ, "ಲ್ಲಾಸ್" ಆ ಕಡೆ, ನಡುವೆ ಯಶಸ್ವಿಯ ಕಿರುಬೆರಳು ಹೋಗುವಷ್ಟು ಜಾಗ. ಅವರು ಮಗಳ ಹಾಸಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಕೆಳಗಿಳಿದು ಹಿಟಾಚಿಯ ಎದುರು ನಿಂತರು. ಸರ್ವೋತ್ತಮ ಮಾವ ಓಡಿ ಬಂದು ಗೋಡೆ ನೋಡಿ ತಲೆಯ ಮೇಲೆ ಕೈ ಹೊತ್ತರು. ನಿಮ್ಮ ಪೆಟ್ಟಿಗೆಯನ್ನು ಕೂಸಪ್ಪಣ್ಣನ ಕೋಣೆಗೆ ಹೊತ್ತು ತಂದವರು ಅವರೇ. ಹಿಟಾಚಿ ನಿಂತಿದೆ, ಆದರೆ ಹೋದ ಮಣ್ಣು ಬರುವುದಿಲ್ಲ, ಮನೆ ಈ ಮಳೆಗಾಲ ದಾಟುವುದು ಕಷ್ಟ ಎಂದು ನೋಡಿದವರೆಲ್ಲ ಹೇಳುತ್ತಾರೆ. ಬಸ್ಸಿಳಿದು ಮನೆಗೆ ಹೋಗಬೇಡಿ, ಕೂಸಪ್ಪಣ್ಣನಲ್ಲಿಗೆ ಬನ್ನಿ, ನಾವೆಲ್ಲ ಇಲ್ಲಿದ್ದೇವೆ. ನಿಮ್ಮ ಮಗನನ್ನು ಬೈಯಬೇಡಿ, ಜಗಲಿಯಲ್ಲಿ ಕೂತು ಆ ಮನೆಯನ್ನೇ ನೋಡುತ್ತಿದ್ದಾರೆ. ಇಲ್ಲಿ ಕಪಾಟಿಲ್ಲ, ಆದ್ದರಿಂದ ಮಾವನ ಫೋಟೋವನ್ನು ಮೊಳೆ ಹೊಡೆದು ತೂಗುಹಾಕಿದ್ದೇವೆ, ನೇರ ನಿಂತಿದ್ದಾರೆ. ಆದರೆ ಅತ್ತೇ, ನಿಮ್ಮ ಗೋಡೆಗೆ ನಾವು ಹೊರಡುವವರೆಗೂ ಒಂದೇ ಒಂದು ಮೊಳೆ ಹೊಡೆಯಲಿಲ್ಲ.